ಬಿರುದಿನ ಸಾಲು ಹಾರಿಸಿ ಓದಬೇಡಿ

ಶಾಸನ ಓದೋ ಆಸಕ್ತಿ ಇರೋರೂ ಸಾಮಾನ್ಯವಾಗಿ ಹಾರಿಸ್ಕೊಂಡು ಹೋಗೋ ಭಾಗ ಒಂದಿದೆ, ಅದು ರಾಜನ ಬಿರುದುಗಳ ಸಾಲು. ಎಲ್ಲರೂ ಹುಡುಕೋದು ಯಾರು ಏನು ದಾನ ಕೊಟ್ರು, ಯಾವ ಕೆರೆ ಕಟ್ಟಿಸಿದ್ರು, ಯಾವ ವರ್ಷ, ಇಷ್ಟೇ. ಮೇಲಿನ ಏಳೆಂಟು ಸಾಲು ಬರೀ ಹೊಗಳಿಕೆ, ಹೊಟ್ಟೆಪಾಡಿಗೆ ಕವಿ ಬರ್ದಿದ್ದು ಅಂತ ಬಿಟ್ಬಿಡ್ತಾರೆ. ನಾನು ಇದನ್ನ ಒಪ್ಪಲ್ಲ. ನನ್ನ ಪ್ರಕಾರ ಆ ಸಾಲುಗಳಲ್ಲೇ ಅವತ್ತಿನ ರಾಜಕೀಯ ಎಲ್ಲಾ ಇರೋದು, ಯಾರು ಯಾರ ಕೈಕೆಳಗೆ ಇದ್ದ, ಯಾವ ನಾಡು ಹೊಸದಾಗಿ ಕೈಗೆ ಬಂತು, ಯಾವುದು ಹೋಯ್ತು, ಯಾವ ಮಾತು ಹೇಳೋ ಧೈರ್ಯ ಅವನಿಗಿತ್ತು ಯಾವುದಕ್ಕೆ ಇರ್ಲಿಲ್ಲ ಅನ್ನೋದೆಲ್ಲ ಅಲ್ಲೇ ಕೂತಿದೆ. ದಾನದ ಭಾಗ ಓದಿದ್ರೆ ಒಂದು ಊರಿನ ಕಥೆ ಸಿಗುತ್ತೆ, ಬಿರುದು ಓದಿದ್ರೆ ಇಡೀ ದಖ್ಖನ್ನಿನ ಕಥೆ ಸಿಗುತ್ತೆ.

ಕಲ್ಯಾಣ (ಈಗಿನ ಬಸವಕಲ್ಯಾಣ) ಚಾಲುಕ್ಯರ ಕಾಲದ ಶಾಸನ ತಗೊಳ್ಳಿ, ಬಳ್ಳಿಗಾವೆ ಕಡೆದೋ ಗದಗ ಕಡೆದೋ, ಹೆಚ್ಚೂಕಮ್ಮಿ ಎಲ್ಲಾ ಶುರುವಾಗೋದು ಹೀಗೆ: "ಸ್ವಸ್ತಿ ಸಮಸ್ತಭುವನಾಶ್ರಯ ಶ್ರೀಪೃಥ್ವೀವಲ್ಲಭ ಮಹಾರಾಜಾಧಿರಾಜ ಪರಮೇಶ್ವರ ಪರಮಭಟ್ಟಾರಕ ಸತ್ಯಾಶ್ರಯಕುಳತಿಳಕ ಚಾಳುಕ್ಯಾಭರಣ ಶ್ರೀಮತ್ ತ್ರಿಭುವನಮಲ್ಲದೇವರ ವಿಜಯರಾಜ್ಯಮುತ್ತರೋತ್ತರಾಭಿವೃದ್ಧಿ ಪ್ರವರ್ಧಮಾನಮಾಚಂದ್ರಾರ್ಕತಾರಂಬರಂ ಸಲುತ್ತಮಿರೆ". ಲೋಕಕ್ಕೆಲ್ಲ ಆಶ್ರಯ, ಭೂಮಿಗೆ ಒಡೆಯ, ರಾಜರ ರಾಜ ಆದ ತ್ರಿಭುವನಮಲ್ಲದೇವರ ರಾಜ್ಯ ಸೂರ್ಯ ಚಂದ್ರ ತಾರೆ ಇರೋವರೆಗೂ ಬೆಳೀತಾ ನಡೀತಿರಲು ಅಂತ ಇದರ ಸಾರ. ಇದು ಆರನೇ ವಿಕ್ರಮಾದಿತ್ಯಂದು. ಇದಾದ ಮೇಲೆ "ತತ್ಪಾದಪದ್ಮೋಪಜೀವಿ" ಅಂತ ಒಂದು ಮಾತು ಬರುತ್ತೆ, ಅಂದ್ರೆ ಆ ಪಾದಕಮಲ ನಂಬ್ಕೊಂಡು ಬದುಕ್ತಿರೋನು ಅಂತ, ಅಲ್ಲಿಂದ ಮುಂದೆ ಆ ಸೀಮೆ ನೋಡ್ಕೊಳ್ತಿದ್ದ ಸಾಮಂತನ ಬಿರುದುಗಳು ಶುರು. ಈ ಒಂದು ಪದವೇ ಗೆರೆ. ಗೆರೆಯ ಮೇಲಿರೋನು ಚಕ್ರವರ್ತಿ, ಕೆಳಗಿರೋನು ಎಷ್ಟೇ ದೊಡ್ಡ ಆನೆ ಕುದುರೆ ಇಟ್ಕೊಂಡಿರ್ಲಿ ಅವನು ಕೆಳಗಿನೋನೇ. ಕ್ರಿಯಾಪದದಲ್ಲೂ ವ್ಯತ್ಯಾಸ ಇರುತ್ತೆ ನೋಡಿ, ಚಕ್ರವರ್ತಿಗೆ ರಾಜ್ಯ "ಸಲುತ್ತಮಿರೆ", ಸಾಮಂತ ಮಾತ್ರ "ಬನವಾಸೆ ಪನ್ನಿರ್ಚ್ಛಾಸಿರಮನಾಳುತ್ತಮಿರೆ", ಬನವಾಸಿ ಹನ್ನೆರಡು ಸಾವಿರ ಅನ್ನೋ ನಾಡನ್ನ ಆಳ್ತಿರಲು ಅಂತ, ಅವನಿಗೆ ಗಡಿ ಹಾಕಿದ ಒಂದು ನಾಡು, ಇವನಿಗೆ ಸೂರ್ಯ ಚಂದ್ರ ಇರೋವರೆಗೂ ಲೋಕ.

ಸಾಮಂತರ ಸಾಲಿನಲ್ಲಿ ಪದೇ ಪದೇ ಸಿಗೋ ಮಾತು "ಸಮಧಿಗತ ಪಂಚಮಹಾಶಬ್ದ ಮಹಾಮಂಡಳೇಶ್ವರಂ". ಶೃಂಗ, ಶಂಖ, ಭೇರಿ, ಜಯಘಂಟೆ, ತಮ್ಮಟ ಈ ಐದು ವಾದ್ಯ ನುಡಿಸಿಕೊಂಡು ಹೋಗೋ ಹಕ್ಕು ಪಡ್ಕೊಂಡ ಮಹಾಮಂಡಳೇಶ್ವರ, ಅಂದ್ರೆ ದೊಡ್ಡ ಸಾಮಂತ, ಅಂತ ಅದಕ್ಕೆ ಅರ್ಥ ಹೇಳ್ತಾರೆ. "ಸಮಧಿಗತ" ಅನ್ನೋದನ್ನ ಗಮನಿಸಬೇಕು, ಪಡೆದಿದ್ದು, ಅಂದ್ರೆ ಕೊಟ್ಟೋನು ಒಬ್ಬ ಇದ್ದಾನೆ. ತನ್ನ ಗೌರವ ಇನ್ನೊಬ್ಬನಿಂದ ಬಂದಿದ್ದು ಅಂತ ಪ್ರತೀ ಕಲ್ಲಿನ ಮೇಲೂ ಒಪ್ಕೊಂಡ ಹಾಗೆ. ಯಾವಾಗ ಒಬ್ಬ ಸಾಮಂತನ ಶಾಸನದಿಂದ ಈ ಮಾತು ಮಾಯ ಆಗುತ್ತೋ ಆವಾಗ ಏನೋ ದೊಡ್ಡದು ನಡ್ದಿದೆ ಅಂತಾನೇ ಲೆಕ್ಕ.

ಈ ದೊಡ್ಡ ಬಿರುದುಗಳು ಕಲ್ಯಾಣದವರು ಹೊಸದಾಗಿ ಕಟ್ಟಿದ್ದಲ್ಲ. ಬಾದಾಮಿ ಬಂಡೆ ಮೇಲೆ ಶಕ 465, ಅಂದ್ರೆ ಕ್ರಿ.ಶ. 543ರ ಶಾಸನ ಇದೆ, ಅದರಲ್ಲಿ ಮೊದಲನೇ ಪುಲಕೇಶಿ ತನ್ನನ್ನ ವಲ್ಲಭೇಶ್ವರ ಅಂತ ಕರ್ಕೊಂಡಿದ್ದಾನೆ, ಅಶ್ವಮೇಧ ಮಾಡಿದೆ ಅಂತ ಹೇಳ್ಕೊಂಡಿದ್ದಾನೆ. ಪೃಥ್ವೀವಲ್ಲಭ, ಭೂಮಿಗೆ ಗಂಡ, ಅಂದ್ರೆ ವಿಷ್ಣುವಿನ ಜಾಗದಲ್ಲಿ ನಿಂತೋನು. ಆಮೇಲೆ ಅವನ ಮೊಮ್ಮಗ ಇಮ್ಮಡಿ ಪುಲಕೇಶಿ ಕಾಲಕ್ಕೆ ಪರಮೇಶ್ವರ ಅನ್ನೋದು ಸೇರುತ್ತೆ, ಮತ್ತೆ ಅದಕ್ಕೆ ಕಾರಣವನ್ನ ಅವನ ನಂತರದವರ ತಾಮ್ರಪಟಗಳು ತುಂಬಾ ಜಾಣತನದಿಂದ ಹೇಳ್ತವೆ, ಸಕಲ ಉತ್ತರಾಪಥಕ್ಕೆ ಒಡೆಯನಾದ ಹರ್ಷವರ್ಧನನನ್ನ ಸೋಲಿಸಿ ಪರಮೇಶ್ವರ ಅನ್ನೋ ಇನ್ನೊಂದು ಹೆಸರು ಪಡೆದೋನು ಅಂತ. ಸೋತವನನ್ನ ಸಣ್ಣೋನು ಅಂತ ತೋರಿಸಲ್ಲ, ಅವನು ಇಡೀ ಉತ್ತರಕ್ಕೇ ಒಡೆಯ ಅಂತ ಒಪ್ಕೋತಾರೆ, ಯಾಕಂದ್ರೆ ಅವನು ಎಷ್ಟು ದೊಡ್ಡೋನೋ ಇವನ ಬಿರುದೂ ಅಷ್ಟೇ ದೊಡ್ಡದಾಗುತ್ತೆ. ನರ್ಮದೆಯ ದಡದಲ್ಲಿ ಗೆದ್ದಿದ್ದಕ್ಕೆ ಉತ್ತರದ ನೆಲ ಇವನ ಕೈಗೇನೂ ಬರ್ಲಿಲ್ಲ, ಬಂದಿದ್ದು ಬಿರುದು, ಮುಂದೆ ಅದನ್ನ ಐನೂರು ಆರುನೂರು ವರ್ಷ ಈ ಕಡೆಯ ರಾಜರು ಹೊತ್ಕೊಂಡು ತಿರುಗಿದ್ರು.

ಎಂಟನೇ ಶತಮಾನದ ನಡುವಿಗೆ ರಾಷ್ಟ್ರಕೂಟರ ದಂತಿದುರ್ಗ ಬಾದಾಮಿಯವರನ್ನ ಸೋಲಿಸಿದಾಗ ಏನಾಯ್ತು ಅನ್ನೋದು ನನಗೆ ತುಂಬಾ ಇಷ್ಟವಾದ ಸಂಗತಿ. ಸಾಮಾನ್ಯವಾಗಿ ಗೆದ್ದೋನು ಸೋತೋನ ಗುರುತನ್ನೆಲ್ಲ ಅಳಿಸಬೇಕು ಅಂತ ನಾವು ಅಂದ್ಕೋತೀವಿ, ದಂತಿದುರ್ಗ ಮಾಡಿದ್ದು ಬೇರೆ, ಪೃಥ್ವೀವಲ್ಲಭ, ಮಹಾರಾಜಾಧಿರಾಜ, ಪರಮೇಶ್ವರ, ಪರಮಭಟ್ಟಾರಕ ಈ ಎಲ್ಲವನ್ನೂ ಹಾಗಾಗೇ ತನ್ನ ಹೆಸರಿಗೆ ಹಾಕ್ಕೊಂಡ. ಅಂದ್ರೆ ಆ ಹೊತ್ತಿಗಾಗಲೇ ಈ ಬಿರುದುಗಳು ಒಂದು ಮನೆತನದ ಸ್ವತ್ತಾಗಿ ಉಳಿದಿರ್ಲಿಲ್ಲ, ದಖ್ಖನ್ನಿನ ಯಜಮಾನಿಕೆಯ ಮುದ್ರೆ ಥರ ಆಗಿದ್ವು, ಯಾರ ಕೈಲಿ ದಖ್ಖನ್ ಇದೆಯೋ ಅವರ ಹತ್ರ ಇರ್ಬೇಕಾದ್ದು. ರಾಷ್ಟ್ರಕೂಟರು ಅದರ ಜೊತೆಗೆ ತಮ್ಮದೇ ಒಂದು ಶೈಲಿ ಸೇರಿಸಿದ್ರು, ಅಕಾಲವರ್ಷ, ಪ್ರಭೂತವರ್ಷ, ಧಾರಾವರ್ಷ, ಅಮೋಘವರ್ಷ, ಹೀಗೆ ಮಳೆ ಸುರಿಸೋ ಹೆಸರುಗಳು, ಮಳೆ ಕಮ್ಮಿ ಬೀಳೋ ಈ ಬಯಲುನಾಡಿನಲ್ಲಿ ರಾಜನಿಗೆ ಮಳೆ ಅನ್ನೋ ಹೆಸರಿಟ್ರೆ ಅದರ ತೂಕ ಏನು ಅಂತ ಯೋಚನೆ ಮಾಡಿ.

ಅರಬ್ ವ್ಯಾಪಾರಿಗಳ ಬರಹದಲ್ಲಿ ಬರೋ "ಬಲ್ಹರಾ" ಅನ್ನೋದು ಈ ವಲ್ಲಭರಾಜನೇ. 851ರಲ್ಲಿ ಸುಲೈಮಾನ್ ಅನ್ನೋ ವ್ಯಾಪಾರಿಯ ಹೆಸರಲ್ಲಿ ಉಳಿದಿರೋ ಬರಹದಲ್ಲಿ ಲೋಕದ ನಾಲ್ಕು ದೊಡ್ಡ ರಾಜರಲ್ಲಿ ಬಲ್ಹರಾ ಕೂಡ ಒಬ್ಬ, ಉಳಿದೋರು ಬಾಗ್ದಾದಿನ ಖಲೀಫ, ಚೀನಾದ ಚಕ್ರವರ್ತಿ, ರೂಮಿನ, ಅಂದ್ರೆ ಬೈಜಾಂಟಿಯಂನ, ಚಕ್ರವರ್ತಿ. ಆಗ ಮಾನ್ಯಖೇಟದಲ್ಲಿ, ಈಗಿನ ಕಲಬುರಗಿ ಜಿಲ್ಲೆ ಮಳಖೇಡದಲ್ಲಿ, ಆಳ್ತಿದ್ದೋನು ನೃಪತುಂಗ ಅಮೋಘವರ್ಷ. ಹಡಗಿನಲ್ಲಿ ಬಂದು ಹೋಗೋ ಜನಕ್ಕೆ ಅವನ ಹೆಸರು ಗೊತ್ತಿಲ್ಲ, ಮನೆತನ ಗೊತ್ತಿಲ್ಲ, ಗೊತ್ತಿರೋದು ಬಾದಾಮಿಯವರಿಂದ ಬಂದ ಆ ಒಂದು ಬಿರುದು ಮಾತ್ರ.

973ರಲ್ಲಿ ಇಮ್ಮಡಿ ತೈಲಪ ರಾಷ್ಟ್ರಕೂಟರನ್ನ ಉರುಳಿಸಿದ ಮೇಲೆ ಬಿರುದು ಮತ್ತೆ ಚಾಲುಕ್ಯರ ಹೆಸರಿಟ್ಕೊಂಡೋರ ಕಡೆ ಬಂತು. ಅದಕ್ಕೇ ಆ "ಸತ್ಯಾಶ್ರಯಕುಳತಿಳಕ" ಅನ್ನೋದು. ಸತ್ಯಾಶ್ರಯ ಇಮ್ಮಡಿ ಪುಲಕೇಶಿಯ ಬಿರುದು, ನಾವು ಅವನ ವಂಶದೋರೇ, ನಡುವೆ ಇನ್ನೂರು ಚಿಲ್ಲರೆ ವರ್ಷ ಬೇರೆಯವರು ಕೂತಿದ್ರು ಅಷ್ಟೇ, ಅಂತ ಹೇಳೋ ದಾಟಿ. ರಕ್ತಸಂಬಂಧ ನಿಜವಾಗ್ಲೂ ಇತ್ತಾ ಅನ್ನೋದು ಇತಿಹಾಸಕಾರರು ಚರ್ಚೆ ಮಾಡ್ಲಿ, ಹಾಗೆ ಹೇಳ್ಕೊಳ್ಳೋ ಅಗತ್ಯ ಅವರಿಗಿತ್ತು ಅನ್ನೋದೇ ನನಗೆ ಮುಖ್ಯ.

ಈಗ ನೆಲದ ವಿಷಯಕ್ಕೆ ಬರ್ತೀನಿ. ನೆಲ ಗೆದ್ದಿದ್ದನ್ನ ಹೇಳೋಕೆ ಕನ್ನಡದಲ್ಲೂ ತಮಿಳಿನಲ್ಲೂ ಒಂದೇ ಪ್ರತ್ಯಯದಂಥ ಮಾತಿತ್ತು, "ಕೊಂಡ" ಅಥವಾ "ಗೊಂಡ". 642ರ ಸುಮಾರಿಗೆ ಪಲ್ಲವ ನರಸಿಂಹವರ್ಮ ಬಾದಾಮಿ ಹಿಡಿದು ವಾತಾಪಿಕೊಂಡ ಆದ. ಆಮೇಲೆ ಬಾದಾಮಿಯ ಇಮ್ಮಡಿ ವಿಕ್ರಮಾದಿತ್ಯ ಕಂಚಿಗೆ ನುಗ್ಗಿದ, ಅಲ್ಲಿನ ಕೈಲಾಸನಾಥ ದೇವಸ್ಥಾನದಲ್ಲಿ ಇವತ್ತಿಗೂ ಅವನ ಕನ್ನಡ ಶಾಸನ ಇದೆ, ಮತ್ತೆ ಪಟ್ಟದಕಲ್ಲಿನ ವಿರೂಪಾಕ್ಷ ದೇವಾಲಯದಲ್ಲಿ ಅವನು ಕಂಚಿಯನ್ನ ಮೂರು ಸಲ ಗೆದ್ದೋನು ಅಂತ ಬರ್ದಿದ್ದಾರೆ, ಆ ಗುಡಿ ಕಟ್ಟಿದ ಶಿಲ್ಪಿಗೂ ತ್ರಿಭುವನಾಚಾರ್ಯ ಅಂತ ಬಿರುದು ಸಿಕ್ಕಿದೆ, ರಾಜನ ಗೆಲುವಿನ ಸೊಬಗು ಕಲ್ಲು ಕೆತ್ತೋನವರೆಗೂ ಹರಿದಿದೆ. 949ರಲ್ಲಿ ತಕ್ಕೋಲಂ ಯುದ್ಧದಲ್ಲಿ ಚೋಳರನ್ನ ಸೋಲಿಸಿದ ರಾಷ್ಟ್ರಕೂಟ ಮೂರನೇ ಕೃಷ್ಣನನ್ನ ತಮಿಳು ಶಾಸನಗಳೇ "ಕಚ್ಚಿಯುಂ ತಂಜೈಯುಂ ಕೊಂಡ ಕನ್ನರದೇವ" ಅಂತ ಕರೀತವೆ, ಕಂಚಿ ಮತ್ತು ತಂಜಾವೂರು ಎರಡನ್ನೂ ತಗೊಂಡೋನು ಅಂತ, ಸೋತ ನಾಡಿನ ಜನ ತಮ್ಮ ದಾನಪತ್ರಕ್ಕೆ ತಾರೀಖು ಹಾಕೋಕೂ ಆ ಬಿರುದನ್ನೇ ಬರೀಬೇಕು.

ಚೋಳರು ಅದನ್ನ ಬಡ್ಡಿ ಸಮೇತ ತೀರಿಸಿದ್ರು. ರಾಜೇಂದ್ರ ಚೋಳನ ಸೈನ್ಯ 1022-23ರ ಹೊತ್ತಿಗೆ ಗಂಗೆವರೆಗೂ ಹೋಗಿ ಬಂತು, ಅವನು ಗಂಗೈಕೊಂಡ ಚೋಳ ಆದ, ಹೊಸ ರಾಜಧಾನಿಗೂ ಅದೇ ಹೆಸರು. ಗಂಗೆಯ ದಡದಲ್ಲಿ ಒಂದು ಹಳ್ಳಿಯ ಕಂದಾಯವೂ ಚೋಳರಿಗೆ ಬಂದಿಲ್ಲ, ಆದ್ರೂ ಅದು ಕೊಂಡಿದ್ದೇ. ಅವನ ಮಗ ರಾಜಾಧಿರಾಜ ಕಲ್ಯಾಣ ಪಟ್ಟಣವನ್ನೇ ಸುಟ್ಟು ಸೂರೆ ಮಾಡಿ ಕಲ್ಯಾಣಪುರಂಕೊಂಡ ಚೋಳ ಅನ್ನಿಸ್ಕೊಂಡ, ಅಲ್ಲಿಂದ ಹೊತ್ಕೊಂಡು ಹೋದ ದ್ವಾರಪಾಲಕನ ವಿಗ್ರಹ ಈಗ ತಂಜಾವೂರಿನಲ್ಲಿದೆ, ಪೀಠದ ಮೇಲೆ ಕಲ್ಯಾಣಪುರದಿಂದ ತಂದಿದ್ದು ಅಂತ ತಮಿಳಿನಲ್ಲಿ ಬರ್ದಿದೆ. ಅದೇ ರಾಜಾಧಿರಾಜ 1054ರಲ್ಲಿ ಕೊಪ್ಪಂ ಯುದ್ಧದಲ್ಲಿ ಆನೆ ಮೇಲೇ ಸತ್ತ. ಎದುರಾಳಿ ಒಂದನೇ ಸೋಮೇಶ್ವರನ ಬಿರುದು ಆಹವಮಲ್ಲ, ಯುದ್ಧದ ಪೈಲ್ವಾನ.

ಚೋಳರು ಇನ್ನೊಂದು ಕೆಲಸ ಮಾಡ್ತಿದ್ರು, ಅದು ಕೊಂಡ ಅನ್ನೋದಕ್ಕಿಂತ ಬಲವಾದದ್ದು. ಗೆದ್ದ ನೆಲದ ಹೆಸರನ್ನೇ ಬದಲಾಯಿಸಿ ಅಲ್ಲಿ ತಮ್ಮ ಬಿರುದು ನೆಡೋರು. ಗಂಗವಾಡಿ ಮುಡಿಗೊಂಡಚೋಳಮಂಡಲ ಆಯ್ತು, ಕೋಲಾರದ ಕಡೆ ನಿಕರಿಲಿಚೋಳಮಂಡಲ ಆಯ್ತು, ಗಂಗರ ತಲಕಾಡು ರಾಜರಾಜಪುರ ಆಯ್ತು. ಈ ಬಿರುದುಗಳು ಗಾಳಿಗೆ ತೂರಿದ ಮಾತಾಗಿದ್ರೆ ಇಷ್ಟು ಶ್ರಮ ಯಾರೂ ತಗೋತಿರ್ಲಿಲ್ಲ, ಹೊಲದ ಚಕ್ಕುಬಂದಿ ಬರೆಯೋ ಶಾನುಭೋಗನವರೆಗೂ ಆ ಹೆಸರು ಓಡಾಡಬೇಕು ಅಂತಾನೇ ಅದನ್ನ ಮಾಡಿದ್ದು.

ಇದನ್ನ ಗೊತ್ತುಮಾಡ್ಕೊಂಡ ಮೇಲೆ ಹೊಯ್ಸಳ ವಿಷ್ಣುವರ್ಧನನ "ತಳಕಾಡುಗೊಂಡ" ಓದಿ, ಆಗ ಅದರ ಬಿಸಿ ಗೊತ್ತಾಗುತ್ತೆ. 1116ರ ಸುಮಾರಿಗೆ ಅವನ ದಂಡನಾಯಕ ಗಂಗರಾಜ ಚೋಳರ ಕಡೆಯ ಅದಿಯಮನನ್ನ ಸೋಲಿಸಿ ತಲಕಾಡು ತಗೊಂಡ, ನೂರು ವರ್ಷಕ್ಕೂ ಹೆಚ್ಚು ಕಾಲ ರಾಜರಾಜಪುರ ಆಗಿದ್ದ ಊರು ಮತ್ತೆ ತಳಕಾಡು ಅನ್ನೋ ಹೆಸರಲ್ಲೇ ರಾಜನ ಬಿರುದಿಗೆ ಬಂತು. ತಲಕಾಡಿನಲ್ಲಿ ಕೀರ್ತಿನಾರಾಯಣ, 1117ರಲ್ಲಿ ಬೇಲೂರಿನಲ್ಲಿ ವಿಜಯನಾರಾಯಣ, ದೇವರ ಹೆಸರುಗಳೂ ಅದೇ ಗೆಲುವನ್ನ ಹೇಳ್ತವೆ. ಇನ್ನೂ ಮುಖ್ಯವಾಗಿ ಚಿನ್ನದ ನಾಣ್ಯ. ಅವನ ಗದ್ಯಾಣಗಳ ಮೇಲೆ ಕನ್ನಡ ಅಕ್ಷರದಲ್ಲಿ "ಶ್ರೀ ತಳಕಾಡುಗೊಂಡ" ಅಂತಿದೆ, ಬೇರೆ ಕೆಲವದರ ಮೇಲೆ "ಶ್ರೀ ನೊಳಂಬವಾಡಿಗೊಂಡ" ಅಂತಿದೆ. ರಾಜನ ಸ್ವಂತ ಹೆಸರೇ ಇಲ್ಲ! ಆ ನಾಣ್ಯ ಕೈಯಿಂದ ಕೈಗೆ, ಸಂತೆಯಿಂದ ಸಂತೆಗೆ ಹೋಗುವಾಗ ಜನ ಓದ್ತಿದ್ದಿದ್ದು ಅವನು ಗೆದ್ದ ನೆಲದ ಹೆಸರನ್ನ.

ಅವನ ಬಿರುದಿನ ಪಟ್ಟಿ ವರ್ಷ ಕಳೆದ ಹಾಗೆ ಉದ್ದ ಆಗ್ತಾ ಹೋಗುತ್ತೆ. ಮೊದಲು ತಳಕಾಡು, ಆಮೇಲೆ ಕೊಂಗು, ನಂಗಲಿ, ಗಂಗವಾಡಿ, ನೊಳಂಬವಾಡಿ, ಆಮೇಲೆ ಬನವಸೆ, ಹಾನುಂಗಲ್ಲು, ಕೊನೆಗೆ "ಗೊಂಡ ಭುಜಬಳ ವೀರಗಂಗ ಹೊಯ್ಸಳದೇವರು". ದಕ್ಷಿಣದಿಂದ ಉತ್ತರಕ್ಕೆ ಹತ್ತೋ ದಾರಿ ಅದು, ಕಾವೇರಿಯಿಂದ ಶುರುವಾಗಿ ವರದಾ ನದಿ ತಲುಪೋವರೆಗೆ. ವೀರಗಂಗ ಅನ್ನೋದನ್ನೂ ಬಿಡಬೇಡಿ, ಇವನು ಗಂಗರ ವಂಶದೋನಲ್ಲ, ಗಂಗರ ನೆಲ ತಗೊಂಡ ಮೇಲೆ ಗಂಗರ ಹೆಸರೂ ತಗೊಂಡ, ದಂತಿದುರ್ಗ ಮಾಡಿದ್ದನ್ನೇ ಸಣ್ಣ ಮಟ್ಟದಲ್ಲಿ ಮಾಡಿದ.

ಆದ್ರೆ ನನಗೆ ವಿಷ್ಣುವರ್ಧನನ ಸಾಲಿನಲ್ಲಿ ಎಲ್ಲಕ್ಕಿಂತ ಹೆಚ್ಚು ಕಾಡೋದು ಮೊದಲ ಪದ. ಅವನ ಎಷ್ಟೋ ಶಾಸನಗಳಲ್ಲಿ "ಶ್ರೀಮತ್ ತ್ರಿಭುವನಮಲ್ಲ ತಳಕಾಡುಗೊಂಡ..." ಅಂತ ಬರುತ್ತೆ. ತ್ರಿಭುವನಮಲ್ಲ ಅನ್ನೋದು ಅವನದ್ದಲ್ಲ, ಕಲ್ಯಾಣದಲ್ಲಿ ಕೂತಿದ್ದ ವಿಕ್ರಮಾದಿತ್ಯನದ್ದು. ಸಾಮಂತರು ಒಡೆಯನ ಬಿರುದನ್ನ ತಮ್ಮ ಹೆಸರಿನ ಮುಂದೆ ಹಾಕ್ಕೊಳ್ಳೋದು ಆಗಿನ ಪದ್ಧತಿ, ಉಚ್ಚಂಗಿಯ ಪಾಂಡ್ಯನೂ ತ್ರಿಭುವನಮಲ್ಲ ಪಾಂಡ್ಯ. ಕೊರಳಿಗೆ ಇನ್ನೊಬ್ಬನ ಪದಕ ಹಾಕ್ಕೊಂಡು ಗೆದ್ದ ಊರುಗಳ ಹೆಸರು ಹೇಳ್ಕೊಳ್ಳೋ ಪರಿಸ್ಥಿತಿ. ಮತ್ತೆ ಇವನು ಸುಮ್ನೆ ಕೂತಿದ್ದೋನೇನಲ್ಲ, 1118ರಲ್ಲಿ ಕಣ್ಣೇಗಾಲದಲ್ಲಿ ಬೀಡುಬಿಟ್ಟಿದ್ದ ಚಾಲುಕ್ಯರ ಸೈನ್ಯದ ಮೇಲೆ ಗಂಗರಾಜ ರಾತ್ರೋರಾತ್ರಿ ನುಗ್ಗಿ ಚೆಲ್ಲಾಪಿಲ್ಲಿ ಮಾಡಿದ, ಆ ಸೈನ್ಯದಲ್ಲಿ ಹನ್ನೆರಡು ಜನ ಸಾಮಂತರಿದ್ರು ಅಂತ ಶ್ರವಣಬೆಳಗೊಳದ ಶಾಸನ ಹೇಳುತ್ತೆ, ಅಷ್ಟಾದ್ರೂ ಮುಂದೆ ಯಲಬುರ್ಗಿ ಕಡೆಯ ಸಿಂದ ಆಚುಗಿ ಬಂದು ಹೊಯ್ಸಳರನ್ನ ಹಿಂದಕ್ಕೆ ತಳ್ಳಿದ ಮೇಲೆ ಮತ್ತೆ ಅದೇ ತ್ರಿಭುವನಮಲ್ಲ, ಅದೇ ಮಹಾಮಂಡಳೇಶ್ವರ. ಬೇಲೂರಿನ ಆ ಗುಡಿ ಕಟ್ಟಿಸಿದೋನು, ಕೃಷ್ಣಾ ತೀರದವರೆಗೂ ಕುದುರೆ ಓಡಿಸಿದೋನು, ಸಾಯೋವರೆಗೂ ಮಹಾರಾಜಾಧಿರಾಜ ಅಂತ ನಿಶ್ಚಿಂತೆಯಾಗಿ ಕೆತ್ತಿಸ್ಕೊಳ್ಳೋಕೆ ಆಗ್ಲಿಲ್ಲ. ಕಥೆ ಸಿನಿಮಾಗಳಲ್ಲಿ ಅವನನ್ನ ಚಕ್ರವರ್ತಿ ಅಂತ ತೋರಿಸ್ತಾರೆ, ಕಲ್ಲು ಮಾತ್ರ ಅಷ್ಟು ದೂರ ಹೋಗಲ್ಲ.

ವಿಕ್ರಮಾದಿತ್ಯನ ಹಿಡಿತ ಎಂಥದ್ದು ಅಂದ್ರೆ ಕಾಲದ ಲೆಕ್ಕ ಕೂಡ ಅವನದ್ದೇ. 1076ರಲ್ಲಿ ಪಟ್ಟಕ್ಕೆ ಬಂದಾಗ ಶಕವರ್ಷ ಬಿಟ್ಟು ಚಾಲುಕ್ಯ ವಿಕ್ರಮವರ್ಷ ಶುರುಮಾಡಿದ, ಐವತ್ತು ವರ್ಷ ಆಳಿದ, ಅವನ ಸಾಮಂತರಲ್ಲಿ ಬಹಳಷ್ಟು ಜನ ಅದರಲ್ಲೇ ತಾರೀಖು ಹಾಕಿದ್ರು. ಆ ಮನೆತನದಲ್ಲಿ ಜಗದೇಕಮಲ್ಲ, ತ್ರೈಲೋಕ್ಯಮಲ್ಲ, ಭುವನೈಕಮಲ್ಲ, ಭೂಲೋಕಮಲ್ಲ ಅಂತ ಒಬ್ಬೊಬ್ಬರಿಗೂ ಒಂದೊಂದು ಲೋಕ. ನಾಡಿನ ಹೆಸರೇ ಇಲ್ಲ ಗಮನಿಸಿ. ಸಾಮಂತನಿಗೆ ತಳಕಾಡು, ನಂಗಲಿ ಅಂತ ಎಣಿಸಬೇಕು, ಚಕ್ರವರ್ತಿಗೆ ಎಣಿಸೋ ಹಾಗಿಲ್ಲ, ಎಣಿಸಿದ್ರೆ ಅಲ್ಲಿಗೆ ಮುಗಿದು ಹೋಗುತ್ತೆ. ಊರುಗಳ ಪಟ್ಟಿ ಉದ್ದ ಇದ್ರೆ ದೊಡ್ಡ ರಾಜ ಅಂತ ಅಂದ್ಕೊಳ್ಳೋದು ಸಹಜ, ನನ್ನ ಓದಿನಲ್ಲಿ ಅದು ಉಲ್ಟಾ, ಯಾವ ಊರಿನ ಹೆಸರೂ ಹೇಳ್ದೇ ಸಮಸ್ತಭುವನ ಅನ್ನೋನೇ ಮೇಲಿನೋನು.

ಕಲ್ಯಾಣದ ಸಾಮಂತರಲ್ಲಿ ಚಕ್ರವರ್ತಿಗೂ ಸಾಮಂತನಿಗೂ ನಡುವಿನ ಆ ಗೆರೆ ದಾಟೋ ಕೆಲಸ ಮೊದಲು ಮಾಡಿದ್ದು ಬಿಜ್ಜಳ. ಬಸವಣ್ಣನವರ ಕಾರಣದಿಂದ ಎಲ್ಲರಿಗೂ ಗೊತ್ತಿರೋ ಅದೇ ಕಳಚುರಿ ಬಿಜ್ಜಳ, ತರ್ದವಾಡಿ ಕಡೆಯ ಮಹಾಮಂಡಳೇಶ್ವರ ಆಗಿದ್ದೋನು. ಅದು ಒಂದೇ ದಿನದಲ್ಲಿ ಆಗ್ಲಿಲ್ಲ, 1157ರ ಹೊತ್ತಿಗೆ ತನ್ನದೇ ವರ್ಷದ ಲೆಕ್ಕ ಇಟ್ಟ, 1162ರ ಹೊತ್ತಿಗೆ ಕಲ್ಯಾಣದಲ್ಲೇ ಕೂತು ಭುಜಬಲ ಚಕ್ರವರ್ತಿ ಆದ, ತ್ರಿಭುವನಮಲ್ಲ ಅನ್ನೋದನ್ನೂ ತಗೊಂಡ. ಅವನ ಮನೆತನದ ಹಳೇ ಬಿರುದು ಕಾಳಂಜರಪುರವರಾಧೀಶ್ವರ, ಅಂದ್ರೆ ಕಾಳಂಜರ ಅನ್ನೋ ಶ್ರೇಷ್ಠ ನಗರದ ಒಡೆಯ. ಕಾಳಂಜರ ಕೋಟೆ ಇರೋದು ಬುಂದೇಲಖಂಡದಲ್ಲಿ, ಈಗಿನ ಉತ್ತರಪ್ರದೇಶ. ಮಂಗಳವಾಡದಲ್ಲಿದ್ದ ಬಿಜ್ಜಳನ ಕುಟುಂಬಕ್ಕೂ ಅದಕ್ಕೂ ಆಡಳಿತದ ಸಂಬಂಧ ಏನೂ ಇಲ್ಲ.

ಈ "ಪುರವರಾಧೀಶ್ವರ" ಅನ್ನೋದೇ ಒಂದು ಬೇರೆ ಲೋಕ. ರಾಷ್ಟ್ರಕೂಟರು ಮತ್ತು ಸವದತ್ತಿಯ ರಟ್ಟರು ಲತ್ತಲೂರಪುರವರಾಧೀಶ್ವರರು, ಅದು ಈಗಿನ ಲಾತೂರು. ಶಿಲಾಹಾರರು ತಗರಪುರ ಅಂತಾರೆ, ಅದು ಈಗಿನ ತೇರ್. ಗಂಗರು ಕೋಲಾರದ ಹೆಸರು ಹೇಳಿ ಕುವಳಾಲಪುರವರೇಶ್ವರ, ನಂದಗಿರಿನಾಥ ಅಂತಾರೆ, ರಾಜಧಾನಿ ತಲಕಾಡಿಗೆ ಬಂದು ಎಷ್ಟೋ ಕಾಲ ಆಗಿದ್ರೂ. ಹಾನಗಲ್ಲಿನ ಕದಂಬರೂ ಗೋವೆಯ ಕದಂಬರೂ ಇಬ್ಬರೂ ಬನವಾಸಿಪುರವರಾಧೀಶ್ವರರು, ಒಬ್ಬರಿಗೆ ಬನವಾಸಿ ಪಕ್ಕದಲ್ಲೇ ಇತ್ತು, ಇನ್ನೊಬ್ಬರು ಕಡಲ ದಡದಲ್ಲಿ ಹಡಗಿನ ಸುಂಕ ವಸೂಲಿ ಮಾಡ್ಕೊಂಡಿದ್ದೋರು. ಹಾವೇರಿ ಹತ್ತಿರದ ಗುತ್ತಲದ ಗುತ್ತರು ಉಜ್ಜೇನಿಪುರವರಾಧೀಶ್ವರರು, ಚಂದ್ರಗುಪ್ತ ವಿಕ್ರಮಾದಿತ್ಯನ ವಂಶ ಅಂತ ಹೇಳ್ಕೊಳ್ತಿದ್ರು. ಹೊಯ್ಸಳರೂ ದೇವಗಿರಿಯ ಸೇವುಣರೂ ಇಬ್ಬರೂ ದ್ವಾರಾವತೀಪುರವರಾಧೀಶ್ವರರು, ಕೃಷ್ಣನ ದ್ವಾರಕೆ, ಇಬ್ಬರೂ ಯದುಕುಲ, ಮತ್ತೆ ಅದೇ ಇಬ್ಬರು ಕೃಷ್ಣಾ ತುಂಗಭದ್ರಾ ನಡುವಿನ ನೆಲಕ್ಕೆ ನೂರು ವರ್ಷ ಹೊಡೆದಾಡಿದ್ರು. ಇದೆಲ್ಲ ಈಗ ಆಳ್ತಿರೋ ಊರಲ್ಲ, ನಾವು ಎಲ್ಲಿಯವರು ಅಂತ ಹೇಳೋ ಊರು. ಶಾಸನ ಓದೋವಾಗ ಇದನ್ನ ಅವನ ರಾಜ್ಯದ ಮೇರೆ ಅಂತ ತಿಳ್ಕೊಂಡ್ರೆ ಮ್ಯಾಪ್ ಪೂರ್ತಿ ತಪ್ಪಾಗುತ್ತೆ. ನಿಜವಾದ ನೆಲ ಗೊತ್ತಾಗೋದು ಸಂಖ್ಯೆ ಇರೋ ನಾಡುಗಳಿಂದ, ಬನವಾಸಿ 12000, ನೊಳಂಬವಾಡಿ 32000, ಗಂಗವಾಡಿ 96000, ಬೆಳ್ವೊಲ 300, ಪುಲಿಗೆರೆ 300, ಸಾಂತಳಿಗೆ 1000, ಕೂಂಡಿ 3000. ಆ ಸಂಖ್ಯೆ ಹಳ್ಳಿಗಳದ್ದಾ ಕಂದಾಯದ್ದಾ ಅನ್ನೋ ವಾದ ಹಳೇದು, ದೊಡ್ಡ ಸಂಖ್ಯೆಗಳನ್ನ ನೋಡಿದ್ರೆ ಹಳ್ಳಿ ಅಂತ ನನಗೆ ನಂಬೋಕೆ ಕಷ್ಟ.

ಹೊಯ್ಸಳರ ಕಥೆ ಪೂರ್ತಿ ಆಗೋದು ವಿಷ್ಣುವರ್ಧನನ ಮೊಮ್ಮಗ ಇಮ್ಮಡಿ ವೀರಬಲ್ಲಾಳನಲ್ಲಿ. ಚಾಲುಕ್ಯರ ಕೊನೇ ರಾಜ ನಾಲ್ಕನೇ ಸೋಮೇಶ್ವರ ಜಾರಿಹೋದ, ಸೇವುಣ ಭಿಲ್ಲಮ ಕಲ್ಯಾಣದ ಕಡೆ ಬಂದ, ಗದಗ ಹತ್ತಿರದ ಸೊರಟೂರಿನಲ್ಲಿ ಬಲ್ಲಾಳ ಅವನನ್ನ ಸೋಲಿಸಿದ. ಗದಗದ ತ್ರಿಕೂಟೇಶ್ವರ ಗುಡಿಯ 1192ರ ಶಾಸನ ನೋಡಿ, ಬಿರುದು ಶುರುವಾಗೋದೇ "ಸಮಸ್ತಭುವನಾಶ್ರಯ ಶ್ರೀಪೃಥ್ವೀವಲ್ಲಭ ಮಹಾರಾಜಾಧಿರಾಜ ಪರಮೇಶ್ವರ ಪರಮಭಟ್ಟಾರಕ" ಅಂತ. ಪಂಚಮಹಾಶಬ್ದ ಇಲ್ಲ, ಮಹಾಮಂಡಳೇಶ್ವರ ಇಲ್ಲ, ತತ್ಪಾದಪದ್ಮೋಪಜೀವಿ ಇಲ್ಲ. ಆರುನೂರ ಐವತ್ತು ವರ್ಷದ ಹಿಂದೆ ಬಾದಾಮಿ ಬಂಡೆ ಮೇಲೆ ಕಂಡ ವಲ್ಲಭ ಅನ್ನೋದು ಮಲೆನಾಡಿನ ಅಂಗಡಿ ಅನ್ನೋ ಊರಿಂದ ಇಳಿದು ಬಂದ ಮನೆತನದ ಕೈಗೆ ಸಿಕ್ತು.

ಅದಾದ ಮೇಲೆ ಏನು ಬರುತ್ತೆ ಅನ್ನೋದು ಇನ್ನೂ ಚೆಂದ. ಚಕ್ರವರ್ತಿಯ ಬಿರುದಾದ ತಕ್ಷಣ ದ್ವಾರಾವತೀಪುರವರಾಧೀಶ್ವರ, ಯಾದವಕುಳಾಂಬರದ್ಯುಮಣಿ, ಮಲೆಪರೊಳ್ಗಂಡ ಇವೆಲ್ಲ ಹಳೇವು ಹಾಗೇ ಇವೆ. ಮಲೆಪರೊಳ್ಗಂಡ, ಅಂದ್ರೆ ಮಲೆಯ ಪಾಳೆಯಗಾರರ ನಡುವೆ ಗಂಡಸು, ಅವರ ಅಜ್ಜಂದಿರು ಬರೀ ಗುಡ್ಡದ ನಾಯಕರಾಗಿದ್ದಾಗಿನ ಮಾತು, ಅದನ್ನ ಬಿಡ್ಲಿಲ್ಲ, ರಾಜರ ಒಪ್ಪ ಅಂತ ಶಾಸನದ ಕೊನೆಗೆ ಸಹಿ ಥರ ಅದನ್ನೇ ಹಾಕೋರು. ಅದರ ಜೊತೆಗೆ ಅವನದೇ ಅಸಹಾಯಶೂರ, ಶನಿವಾರಸಿದ್ಧಿ, ಗಿರಿದುರ್ಗಮಲ್ಲ, ಚಲದಂಕರಾಮ, ನಿಶ್ಶಂಕಪ್ರತಾಪ. ಗಿರಿದುರ್ಗಮಲ್ಲ ಅಂದ್ರೆ ಬೆಟ್ಟದ ಕೋಟೆಗಳನ್ನ ಹಿಡಿಯೋದ್ರಲ್ಲಿ ಮಲ್ಲ, ಉಚ್ಚಂಗಿ ಕೋಟೆ ಹತ್ತಿದೋನಿಗೆ ಒಪ್ಪೋ ಮಾತು. ಒಂದೇ ಸಾಲಿನಲ್ಲಿ ಆ ಮನೆತನದ ಇನ್ನೂರು ವರ್ಷ ಪದರ ಪದರವಾಗಿ ಕೂತಿದೆ.

ಅವನ ಮಗ ಇಮ್ಮಡಿ ನರಸಿಂಹನ ಬಿರುದು ಇನ್ನೊಂದು ಥರ, ಚೋಳರಾಜ್ಯಪ್ರತಿಷ್ಠಾಚಾರ್ಯ. 1231ರಲ್ಲಿ ಕಾಡವ ಮನೆತನದ ಕೊಪ್ಪೆರುಂಜಿಂಗ ಅನ್ನೋನು ಚೋಳ ಮೂರನೇ ರಾಜರಾಜನನ್ನ ಸೇಂದಮಂಗಲದಲ್ಲಿ ಸೆರೆ ಇಟ್ಟಿದ್ದ, ನರಸಿಂಹನ ದಂಡನಾಯಕರಾದ ಅಪ್ಪಣ್ಣ ಮತ್ತು ಸಮುದ್ರ ಗೊಪ್ಪಯ್ಯ ಹೋಗಿ ಬಿಡಿಸಿ ಮತ್ತೆ ಪಟ್ಟಕ್ಕೆ ಕೂರಿಸಿದ್ರು. ನೂರ ಹದಿನೈದು ವರ್ಷದ ಹಿಂದೆ ಚೋಳರ ಕೈಯಿಂದ ಒಂದು ಊರು ಕಿತ್ಕೊಂಡಿದ್ದಕ್ಕೆ ಬಿರುದು, ಈಗ ಚೋಳರಿಗೆ ಅವರ ರಾಜ್ಯವನ್ನೇ ವಾಪಸ್ ಕೊಟ್ಟಿದ್ದಕ್ಕೆ ಬಿರುದು. ಕೊಂಡ ಅನ್ನೋದಕ್ಕಿಂತ ಇದು ದೊಡ್ಡದು ಅಂತ ನಾನು ಅಂದ್ಕೋತೀನಿ. ಮುಂದೆ ವಿಜಯನಗರದ ಕೃಷ್ಣದೇವರಾಯನಿಗೆ ಬಂದ ಯವನರಾಜ್ಯಸ್ಥಾಪನಾಚಾರ್ಯ ಅನ್ನೋದೂ ಇದೇ ದಾರಿಯದ್ದು, ಯವನ ಅಂದ್ರೆ ಇಲ್ಲಿ ಮುಸ್ಲಿಂ ಅರಸರು, ಬಹಮನಿ ಮನೆತನದೋನನ್ನ ಮತ್ತೆ ಗದ್ದುಗೆಗೆ ತಂದಿದ್ದಕ್ಕೆ ಅದನ್ನ ಜೋಡಿಸ್ತಾರೆ.

ವಿಜಯನಗರದ ಆರಂಭದ ಬಿರುದುಗಳು ನನ್ನನ್ನ ತುಂಬಾ ಯೋಚನೆಗೆ ಹಚ್ಚಿವೆ. ಹರಿಹರ ಮತ್ತು ಬುಕ್ಕ ದೊಡ್ಡ ರಾಜ್ಯ ಕಟ್ಟಿದ್ರು, ಪೂರ್ವಪಶ್ಚಿಮಸಮುದ್ರಾಧೀಶ್ವರ ಅಂತ ಎರಡು ಕಡಲು ಹೇಳ್ಕೊಂಡ್ರು, ಬುಕ್ಕನ ಮಗ ಕುಮಾರ ಕಂಪಣನ ಮಧುರೆ ದಂಡಯಾತ್ರೆ ಆದ ಮೇಲಿನ ಕಾಲದಲ್ಲಿ ದಕ್ಷಿಣ ಸಮುದ್ರವೂ ಸೇರಿರೋದು ಸಿಗುತ್ತೆ. ಹಿಂದೂರಾಯಸುರತ್ರಾಣ ಅಂತಲೂ ಕರ್ಕೊಂಡ್ರು, ದೆಹಲಿ ಸುಲ್ತಾನರ ಗತ್ತನ್ನ ನೋಡಿದ್ದೋರು ಆ ಸುಲ್ತಾನ ಅನ್ನೋ ಪದವನ್ನೇ ಸಂಸ್ಕೃತದ ಅಂಗಿ ಹಾಕಿಸಿ ತಗೊಂಡ್ರು, ಯಾಕಂದ್ರೆ ಹದಿನಾಲ್ಕನೇ ಶತಮಾನದಲ್ಲಿ ಅಧಿಕಾರ ಅಂದ್ರೆ ಜನಕ್ಕೆ ಅರ್ಥ ಆಗ್ತಿದ್ದ ಪದ ಅದು. ಇಷ್ಟೆಲ್ಲಾ ಇದ್ರೂ ಶ್ರವಣಬೆಳಗೊಳದಲ್ಲಿ ಜೈನರ ಶ್ರೀವೈಷ್ಣವರ ವ್ಯಾಜ್ಯ ತೀರಿಸಿದ 1368ರ ಶಾಸನದಲ್ಲಿ ಬುಕ್ಕ ಏನು? "ಮಹಾಮಂಡಳೇಶ್ವರಂ ಅರಿರಾಯವಿಭಾಡ ಭಾಷೆಗೆ ತಪ್ಪುವ ರಾಯರ ಗಂಡ". ಅಂದ್ರೆ ಶತ್ರುರಾಜರನ್ನ ನಾಶಮಾಡೋನು, ಮಾತಿಗೆ ತಪ್ಪೋ ರಾಜರಿಗೆ ಗಂಡ. ಇನ್ನೂ ಮಹಾಮಂಡಳೇಶ್ವರ! ತಲೆ ಮೇಲೆ ಯಾರೂ ಇಲ್ಲ, ಕೊನೇ ಹೊಯ್ಸಳರು ಹೋಗಿ ಇಪ್ಪತ್ತು ವರ್ಷದ ಮೇಲಾಗಿದೆ, ಆದ್ರೂ ಸಾಮಂತನ ಬಿರುದು. 1377ರಲ್ಲಿ ಪಟ್ಟಕ್ಕೆ ಬಂದ ಅವನ ಮಗ ಇಮ್ಮಡಿ ಹರಿಹರನ ಕಾಲಕ್ಕೆ ಮಹಾರಾಜಾಧಿರಾಜ ರಾಜಪರಮೇಶ್ವರ ಗಟ್ಟಿಯಾಗಿ ನೆಲೆ ನಿಲ್ಲುತ್ತೆ. ದೊಡ್ಡ ಬಿರುದು ಇಟ್ಕೊಳ್ಳೋಕೆ ನೆಲ ಇದ್ರೆ ಸಾಲದು, ಸುತ್ತಲಿನ ನಾಯಕರು, ಮಠಗಳು, ಹಳೇ ಹೊಯ್ಸಳ ಅಧಿಕಾರಿಗಳು ಒಪ್ಪಬೇಕು, ಬುಕ್ಕ ಅದಕ್ಕೆ ಆತುರಪಡ್ಲಿಲ್ಲ ಅಂತ ನನಗೆ ಅನ್ಸುತ್ತೆ.

1347ರಲ್ಲಿ ಗದ್ದುಗೆ ಏರಿ ಪಕ್ಕದ ಕಲಬುರಗಿಯಿಂದ ಆಳಿದ ಬಹಮನಿ ಹಸನ್ ಬಹಮನ್ ಶಾ ತನ್ನ ನಾಣ್ಯದ ಮೇಲೆ ಎರಡನೇ ಸಿಕಂದರ್ ಅಂತ ಹಾಕಿಸಿದ, ಅದು ಅಲ್ಲಾವುದ್ದೀನ್ ಖಿಲ್ಜಿ ಮೊದಲೇ ದೆಹಲಿಯಲ್ಲಿ ಹಾಕಿಸಿದ್ದ ಬಿರುದು. ದೆಹಲಿಯಿಂದ ಬೇರೆಯಾದೋನು ದೆಹಲಿಯ ಬಿರುದನ್ನೇ ಹೊತ್ಕೊಂಡು ಬಂದ.

ಕೊನೆಗೆ ಒಡಿಶಾದ ಗಜಪತಿಗಳ ವಿಷಯ, ಇದು ಕನ್ನಡದವರಿಗೆ ಅಷ್ಟಾಗಿ ಗೊತ್ತಿಲ್ಲ. 1434ರಿಂದ 1467ರವರೆಗೆ ಆಳಿದ ಕಪಿಲೇಂದ್ರದೇವನ ಬಿರುದು "ಗಜಪತಿ ಗೌಡೇಶ್ವರ ನವಕೋಟಿ ಕರ್ನಾಟ ಕಲಬರಗೇಶ್ವರ". ಬಂಗಾಳದ ಗೌಡ, ವಿಜಯನಗರದ ಕರ್ನಾಟ, ಬಹಮನಿಗಳ ಕಲಬುರಗಿ, ಮೂರು ದಿಕ್ಕಿನ ಮೂರು ಎದುರಾಳಿಗಳನ್ನ ಒಂದೇ ಉಸಿರಿನಲ್ಲಿ ಹೇಳ್ಬಿಟ್ಟಿದ್ದಾನೆ. ಅವನ ಸೈನ್ಯ ಕಂಚಿ ದಾಟಿ ತಿರುಚಿರಾಪಳ್ಳಿವರೆಗೆ ಹೋಗಿತ್ತು, ಬೀದರಿನ ಕಡೆಗೂ ನುಗ್ಗಿತ್ತು, ಹಾಗಾಗಿ ಪೂರ್ತಿ ಟೊಳ್ಳು ಮಾತಲ್ಲ. ಆದ್ರೆ ಅವನ ಕಾಲಕ್ಕಾಗಲೇ ಬಹಮನಿ ರಾಜಧಾನಿ ಕಲಬುರಗಿಯಿಂದ ಬೀದರಿಗೆ ಹೋಗಿತ್ತು, ಆದ್ರೂ ಬಿರುದಿಗೆ ಬೇಕಾಗಿದ್ದು ಹಳೇ ಹೆಸರಿನ ಕಲಬುರಗಿಯೇ. ಅವನ ಮೊಮ್ಮಗ ಪ್ರತಾಪರುದ್ರನ ಕೈಯಿಂದ ಕೃಷ್ಣದೇವರಾಯ 1514ರಲ್ಲಿ ಉದಯಗಿರಿ, 1515ರಲ್ಲಿ ಕೊಂಡವೀಡು ಕಿತ್ಕೊಂಡ, ಕೊನೆಗೆ ಅವನ ಮಗಳನ್ನ ಮದುವೆಯಾಗಿ ರಾಜಿ ಆಯ್ತು, ಇತ್ತ ಕೃಷ್ಣದೇವರಾಯ ಅಶ್ವಪತಿ ಗಜಪತಿ ನರಪತಿ ಮೂವರನ್ನೂ ಮೀರಿದ ಮೂರುರಾಯರ ಗಂಡ, ಅತ್ತ ಸೋತ ಗಜಪತಿ ಕರ್ನಾಟವನ್ನೂ ಬಿಡ್ಲಿಲ್ಲ ಕಲಬುರಗಿಯನ್ನೂ ಬಿಡ್ಲಿಲ್ಲ. ಪುರಿಯ ಗಜಪತಿ ಮಹಾರಾಜರ ಬಿರುದಿನಲ್ಲಿ, ಜಗನ್ನಾಥನ ರಥದ ಮುಂದೆ ಚಿನ್ನದ ಹಿಡಿಯ ಕಸಬರಿಕೆ ಹಿಡಿದು ಗುಡಿಸೋ ಆ ಮನೆತನದವರ ಪೂರ್ತಿ ಹೆಸರಿನಲ್ಲಿ, ನವಕೋಟಿ ಕರ್ನಾಟ ಮತ್ತು ಕಲಬರಗ ಇವತ್ತಿಗೂ ಇದೆ, ಅಲ್ಲಿನ ಪಂಚಾಂಗಗಳಲ್ಲಿ ಅಚ್ಚಾಗುತ್ತೆ.